ಮೂರನೇ ಕಂತು ಕಟ್ಟಿದ ಮೇಲೆ: ಪ್ಲಾಂಟ್ ಹೆಡ್ ಹುಡುಕಿಕೊಟ್ಟ ಸೇವೆಯೊಂದರ ವಿಮರ್ಶೆ

ಮೊದಲು ದುಡ್ಡಿನ ಮಾತು ಮುಗಿಸೋಣ. ಈ ಸೇವೆಯ ಗುಣಗಾನ ಮಾಡುವವರೆಲ್ಲ ಅದನ್ನು ಕೊನೆಗೆ ತಳ್ಳಿಬಿಡುತ್ತಾರೆ. ಉನ್ನತ ಹುದ್ದೆಗಳಿಗೆ ಜನ ಹುಡುಕಿಕೊಡುವ ಎಕ್ಸಿಕ್ಯೂಟಿವ್ ಸರ್ಚ್ ಸಂಸ್ಥೆಗಳು ಸಾಮಾನ್ಯವಾಗಿ ಕೇಳುವುದು ಆ ಹುದ್ದೆಯ ಮೊದಲ ವರ್ಷದ ಸಂಬಳದ ಮೂರನೇ ಒಂದು ಭಾಗ. ಚೌಕಾಸಿ ಮಾಡಿದರೆ ಕಾಲು ಭಾಗಕ್ಕೆ ಇಳಿಯುವವರೂ ಇದ್ದಾರೆ. ವರ್ಷಕ್ಕೆ 90 ಲಕ್ಷ ಸಂಬಳದ ಹುದ್ದೆ ಎಂದಿಟ್ಟುಕೊಳ್ಳಿ: ಶುಲ್ಕ 30 ಲಕ್ಷ, ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 5.40 ಲಕ್ಷ. ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಮೊತ್ತವಾಗಿ, ಮರಳಿ ಬರುತ್ತದೆ. ಮೂವತ್ತು ಲಕ್ಷ ಮರಳಿ ಬರುವುದಿಲ್ಲ. ಪಾವತಿ ಮೂರು ಕಂತುಗಳಲ್ಲಿ: ಒಪ್ಪಂದಕ್ಕೆ ಸಹಿ ಬಿದ್ದಾಗ ಒಂದು, ಅಂತಿಮ ಪಟ್ಟಿ ಕೈಗೆ ಬಂದಾಗ ಒಂದು, ಆಯ್ಕೆಯಾದವರು ಹುದ್ದೆ ಒಪ್ಪಿಕೊಂಡಾಗ ಮತ್ತೊಂದು. ಸಾಧಾರಣ ನೇಮಕಾತಿ ಏಜೆನ್ಸಿ ಆಳು ಸೇರಿದ ಮೇಲೆ ದುಡ್ಡು ಕೇಳುತ್ತದೆ. ಇವರು ಹುಡುಕುವುದಕ್ಕೇ ದುಡ್ಡು ಕೇಳುತ್ತಾರೆ. ಯಾರೂ ಸಿಗದಿದ್ದರೂ ಮೊದಲ ಕಂತು ಹೋದ ಹಾಗೆಯೇ.

ನಾನು ಉಡುಪಿಯವನು, ಚಾರ್ಟರ್ಡ್ ಅಕೌಂಟೆಂಟ್, ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಔಷಧ ಕಾರ್ಖಾನೆಯ ಹಣಕಾಸು ನೋಡಿಕೊಳ್ಳುತ್ತೇನೆ. ನಮ್ಮದು ಮಾತ್ರೆ ಮಾಡುವ ಕಾರ್ಖಾನೆಯಲ್ಲ. ಮಾತ್ರೆಯೊಳಗಿನ ಮೂಲ ಔಷಧವನ್ನು, ಈ ರಂಗದವರು ಎಪಿಐ ಎನ್ನುವುದನ್ನು, ರಿಯಾಕ್ಟರು ಎಂಬ ರಾಸಾಯನಿಕ ಕ್ರಿಯೆಯ ಪಾತ್ರೆಗಳಲ್ಲಿ ತಯಾರಿಸಿ, ಒಣಗಿಸಿ, ಡ್ರಮ್ಮುಗಳಲ್ಲಿ ತುಂಬಿ ಕಳುಹಿಸುತ್ತೇವೆ. ಧಣಿಗಳ ಕುಟುಂಬದ ಕಂಪನಿ. ಶುರುವಿನಿಂದ ಕಾರ್ಖಾನೆ ನಡೆಸಿಕೊಂಡು ಬಂದಿದ್ದ ಪ್ಲಾಂಟ್ ಹೆಡ್ ನಿವೃತ್ತರಾಗುವವರಿದ್ದರು, ಅವರ ಜಾಗಕ್ಕೆ ಜನ ಬೇಕಿತ್ತು. ಬಿಲ್ಲಿಗೆ ಸಹಿ ಹಾಕುವವನು ನಾನಾದ್ದರಿಂದ ಆಯ್ಕೆ ಸಮಿತಿಯಲ್ಲಿ ನನಗೂ ಒಂದು ಕುರ್ಚಿ ಸಿಕ್ಕಿತು. ಮೂರನೆಯ ಕುರ್ಚಿ ನಮ್ಮ ಸಲಹೆಗಾರರಾದ ಪ್ರೊಫೆಸರ್ ಮೇಡಂ ಅವರದು. ಫಾರ್ಮಸಿ ಕಲಿಸಿ ನಿವೃತ್ತರಾದವರು, ಧಣಿಗಳ ಮಾತಿಗೆ ಎದುರು ಹೇಳಬಲ್ಲ ಏಕೈಕ ವ್ಯಕ್ತಿ.

ಸೇವೆ ಕೊಟ್ಟ ಸಂಸ್ಥೆಯ ಹೆಸರು ಇಲ್ಲಿ ಬರುವುದಿಲ್ಲ. ಒಪ್ಪಂದದಲ್ಲಿ ಗೋಪ್ಯತೆಯ ಷರತ್ತಿದೆ, ಅದಕ್ಕೂ ಸಹಿ ನನ್ನದೇ. ಮುಂಬಯಿಯಲ್ಲಿ ಕಚೇರಿ ಇಟ್ಟುಕೊಂಡು ಔಷಧ, ಜೈವಿಕ ತಂತ್ರಜ್ಞಾನ, ವೈದ್ಯಕೀಯ ಉಪಕರಣ ಈ ಮೂರೇ ರಂಗಗಳಿಗೆ ಮೇಲಧಿಕಾರಿಗಳನ್ನು ಹುಡುಕುತ್ತದೆ, ಅದರಲ್ಲೂ ನಾಯಕತ್ವದಲ್ಲಿ ವೈವಿಧ್ಯ ತರುವುದೇ ತನ್ನ ವಿಶೇಷ ಎಂದು ಹೇಳಿಕೊಳ್ಳುತ್ತದೆ ಎಂಬಷ್ಟು ತಿಳಿದಿದ್ದರೆ ಸಾಕು.

ಧಣಿಗಳು ಇದಕ್ಕೆ ಒಪ್ಪಿದ್ದು ಮನಃಪರಿವರ್ತನೆಯಾಗಿ ಅಲ್ಲ. ಯುರೋಪಿನ ಗಿರಾಕಿಯೊಬ್ಬರು ವರ್ಷಕ್ಕೊಮ್ಮೆ ಉದ್ದದ ಪ್ರಶ್ನಾವಳಿ ಕಳುಹಿಸುತ್ತಾರೆ. ತ್ಯಾಜ್ಯ ನೀರು, ಬೆಂಕಿ ಸುರಕ್ಷತೆ, ಗುತ್ತಿಗೆ ಕಾರ್ಮಿಕರ ವೇತನ ಎಲ್ಲ ಮುಗಿದ ಮೇಲೆ, ಆಡಳಿತದ ಮೇಲಿನ ಸ್ತರದಲ್ಲಿ ಮಹಿಳೆಯರ ಪ್ರಮಾಣ ಎಷ್ಟು ಎಂಬ ಪ್ರಶ್ನೆ ಬರುತ್ತದೆ. ನಾವು ವರ್ಷವರ್ಷವೂ ಸೊನ್ನೆ ತುಂಬುತ್ತಿದ್ದೆವು. ಕಾನೂನು ನಮ್ಮನ್ನು ಏನೂ ಕೇಳುವುದಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕರು ಇರಬೇಕಾದ್ದು ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ, ಮತ್ತು 100 ಕೋಟಿ ಪಾವತಿತ ಬಂಡವಾಳ ಅಥವಾ 300 ಕೋಟಿ ವಹಿವಾಟು ಇರುವ ಪಬ್ಲಿಕ್ ಕಂಪನಿಗಳಲ್ಲಿ. ನಮ್ಮದು ಪ್ರೈವೇಟ್. ಷೇರುಪೇಟೆಯ ನಿಯಂತ್ರಕ ಸೆಬಿ ಮುಂಚೂಣಿಯ 1000 ಲಿಸ್ಟೆಡ್ ಕಂಪನಿಗಳಿಗೆ 2022–23ರಿಂದ ಕಡ್ಡಾಯ ಮಾಡಿದ ಸುಸ್ಥಿರತೆಯ ವರದಿಯೂ ನಮಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ದೊಡ್ಡವರಿಗೆ ಬಂದ ನಿಯಮ ಅವರಿಗೆ ಸರಕು ಕೊಡುವ ನಮ್ಮಂಥವರ ಮೇಜಿಗೆ ಪ್ರಶ್ನಾವಳಿಯಾಗಿ ಇಳಿಯುತ್ತದೆ. ಗಿರಾಕಿ ಕೈಬಿಟ್ಟರೆ ಎಂಬ ಅಂಜಿಕೆಯೇ ನಮ್ಮಲ್ಲಿ ಸುಧಾರಣೆಯ ಮೂಲ. ಅದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣುವುದಿಲ್ಲ.

ಹಾಗಿದ್ದರೂ ಜನ ಹುಡುಕಲು ಹೊರಗಿನವರು ಏಕೆ? ಈ ರಂಗದಲ್ಲಿ ದೊಡ್ಡ ಹುದ್ದೆಗಳು ಭರ್ತಿಯಾಗುವುದು ಫೋನಿನಲ್ಲಿ. 1961ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಔಷಧ ಕಂಪನಿ ಐಡಿಪಿಎಲ್ ಹೈದರಾಬಾದಿನಲ್ಲಿ ಕಾರ್ಖಾನೆ ತೆರೆದು ಒಂದು ತಲೆಮಾರಿನ ರಸಾಯನ ತಜ್ಞರನ್ನು ಪಳಗಿಸಿತು. ಅಲ್ಲಿ ಕೆಲಸ ಮಾಡಿದ್ದ ಅಂಜಿ ರೆಡ್ಡಿಯವರು 1984ರಲ್ಲಿ ಡಾ. ರೆಡ್ಡೀಸ್ ಕಟ್ಟಿದರು. ಅಂಥ ಕಂಪನಿಗಳಿಂದ ಹೊರಬಿದ್ದವರು ಇನ್ನಷ್ಟು ಕಟ್ಟಿದರು. ಹೀಗೆ ಬೆಳೆದದ್ದು ಒಬ್ಬರಿಗೊಬ್ಬರು ಚೆನ್ನಾಗಿ ಗೊತ್ತಿರುವ ಗಂಡಸರ ಬಳಗ. ಒಳ್ಳೆಯ ಬಳಗವೇ, ದೇಶಕ್ಕೆ ಅಗ್ಗದ ಔಷಧ ಕೊಟ್ಟ ಬಳಗ. ಆದರೆ ಹೊಸ ಪ್ಲಾಂಟ್ ಹೆಡ್ ಬೇಕಾದಾಗ ಹಳೆಯ ಪ್ಲಾಂಟ್ ಹೆಡ್ ತಮ್ಮ ಹಳೆಯ ಸಹೋದ್ಯೋಗಿಗೆ ಫೋನ್ ಮಾಡುತ್ತಾರೆ, ಅವರು ತಮ್ಮ ಭಾವನ ಸ್ನೇಹಿತನ ಹೆಸರು ಹೇಳುತ್ತಾರೆ. ನಮಗೂ ಆ ದಾರಿಯಲ್ಲಿ ಮೊದಲೇ ಕೆಲವು ಹೆಸರುಗಳು ಬಂದಿದ್ದವು. ಎಲ್ಲರೂ ಒಂದೇ ಕಾರ್ಖಾನೆಯಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ದುಡಿದವರು. ಮೂವತ್ತು ಲಕ್ಷದ ಸೇವೆ ಈ ಬಳಗದಾಚೆ ನಮ್ಮ ಕಣ್ಣು ಹಾಯಿಸುತ್ತದೆಯೇ ಎಂಬುದಷ್ಟೇ ನನ್ನ ಪರೀಕ್ಷೆಯಾಗಿತ್ತು.

ಸಂಸ್ಥೆಯ ಸಲಹೆಗಾರ್ತಿ ಮುಂಬಯಿಯಿಂದ ಬೆಳಗಿನ ವಿಮಾನದಲ್ಲಿ ಬಜ್ಪೆಗೆ ಇಳಿದು ನೇರ ಕಾರ್ಖಾನೆಗೆ ಬಂದರು. ಜೊತೆಗೆ ತಂದಿದ್ದ ಲ್ಯಾಪ್‌ಟಾಪನ್ನು ತೆರೆಯಲಿಲ್ಲ. ಅದಕ್ಕೇ ನಾನು ಅರ್ಧ ಅಂಕ ಕೊಟ್ಟೆ. ನಾವು ತಯಾರಿಸಿಟ್ಟಿದ್ದ ಹುದ್ದೆಯ ವಿವರಣೆಯ ಹಾಳೆಯನ್ನು ಮೇಜಿನ ನಡುವೆ ಇಟ್ಟು ಪೆನ್ಸಿಲ್ ಹಿಡಿದು ಕುಳಿತರು. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ‘ಈ ಅರ್ಹತೆ ಇಲ್ಲದವರು ಸೇರಿದರೆ ಮೊದಲ ಆರು ತಿಂಗಳಲ್ಲಿ ಇಲ್ಲಿ ಯಾವ ಕೆಲಸ ನಿಂತುಹೋಗುತ್ತದೆ?’

ಕೆಮಿಕಲ್ ಎಂಜಿನಿಯರಿಂಗ್ ಪದವಿ ಎಂದಿತ್ತು. ಈಗಿರುವವರ ಪದವಿ ಯಾವುದು ಎಂದು ಕೇಳಿದರು. ರಸಾಯನ ಶಾಸ್ತ್ರದಲ್ಲಿ ಎಂ.ಎಸ್ಸಿ. ಪೆನ್ಸಿಲ್ ಒಂದು ಗೆರೆ ಎಳೆಯಿತು. ವಯಸ್ಸು 45ರಿಂದ 52ರೊಳಗೆ ಎಂದಿತ್ತು. ಏಕೆ ಎಂದರೆ ಕೋಣೆಯಲ್ಲಿ ಯಾರಲ್ಲಿಯೂ ಉತ್ತರವಿಲ್ಲ. ಹಳೆಯ ಯಾವುದೋ ಜಾಹೀರಾತಿನಿಂದ ನಕಲಾಗಿ ಬಂದ ಸಾಲು. ಹೆರಿಗೆ, ಮಕ್ಕಳು ಎಂದು ಕೆಲವು ವರ್ಷ ಕೆಲಸ ಬಿಟ್ಟು ಮರಳಿದವರು ಈ ಮಟ್ಟಕ್ಕೆ ಏರುವಾಗ ಆ ವಯಸ್ಸು ದಾಟಿರುತ್ತದೆ ಎಂದು ಆಕೆ ಹೇಳಿ ಮತ್ತೊಂದು ಗೆರೆ ಎಳೆದರು. ನಂತರ ಬಂತು ಮುಖ್ಯವಾದ ಸಾಲು: ‘ಉತ್ಪಾದನೆಯಲ್ಲಿ ಕನಿಷ್ಠ 15 ವರ್ಷ, ಅದರಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿ 5 ವರ್ಷ.’ ಅಲ್ಲಿ ಧಣಿಗಳು ಹಾಳೆಯ ಮೇಲೆ ಅಂಗೈ ಊರಿದರು.

‘ಇದನ್ನು ಮುಟ್ಟಬೇಡಿ ಮೇಡಂ. ರಾತ್ರಿ ಎರಡು ಗಂಟೆಗೆ ರಿಯಾಕ್ಟರಿನ ಉಷ್ಣಾಂಶ ಏರುತ್ತಿದೆ ಎಂದು ಫೋನ್ ಬಂದರೆ ಏನು ಮಾಡಬೇಕೆಂದು ಗೊತ್ತಿರಬೇಡವೇ?’

‘ಗೊತ್ತಿರಬೇಕು. ಹಾಗಾದರೆ ಅದನ್ನೇ ಬರೆಯೋಣ.’

ಬರೆದೇಬಿಟ್ಟರು: ಪ್ರಕ್ರಿಯೆ ಕೈಮೀರಿದ ಸಂದರ್ಭವನ್ನು ಮುಂದೆ ನಿಂತು ನಿಭಾಯಿಸಿದ ಅನುಭವ, ಸಂದರ್ಶನದಲ್ಲಿ ಅಂಥ ಒಂದು ಘಟನೆಯನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಬೇಕು. ಹದಿನೈದು ವರ್ಷ, ಐದು ವರ್ಷ ಎಂಬ ಲೆಕ್ಕ ಹೋಯಿತು. ಧಣಿಗಳು ನನ್ನ ಕಡೆ ತಿರುಗಿ ‘ರಾಯರೇ, ನೀವು ಸುಮ್ಮನಿದ್ದೀರಲ್ಲ’ ಎಂದರು. ನಾನು ಸುಮ್ಮನಿದ್ದದ್ದಕ್ಕೆ ಕಾರಣವಿತ್ತು, ಆ ಕಾರಣ ಕಾನೂನಿನ ಪುಸ್ತಕದಲ್ಲಿತ್ತು.

1948ರ ಕಾರ್ಖಾನೆ ಕಾಯ್ದೆಯ 66ನೇ ಕಲಂ ಹೇಳುತ್ತಿದ್ದದ್ದು ಇಷ್ಟು: ಬೆಳಿಗ್ಗೆ 6ರಿಂದ ಸಂಜೆ 7ರ ನಡುವೆ ಮಾತ್ರ ಮಹಿಳೆಯರಿಗೆ ಕಾರ್ಖಾನೆಯಲ್ಲಿ ಕೆಲಸ. ರಾಜ್ಯ ಸರ್ಕಾರಗಳು ಈ ಸಮಯವನ್ನು ಸ್ವಲ್ಪ ಹಿಗ್ಗಿಸಬಹುದಿತ್ತು, ಆದರೂ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗಿನ ಬಾಗಿಲು ತೆರೆಯುವಂತಿರಲಿಲ್ಲ. ಕರ್ನಾಟಕ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಸುರಕ್ಷತೆಯ ಷರತ್ತುಗಳನ್ನು ಹಾಕಿ, ರಾತ್ರಿ ಪಾಳಿಗೆ ದಾರಿ ಮಾಡಿತು. ಈಗ ಲೆಕ್ಕ ಹಾಕಿ. 2000ದ ಆಸುಪಾಸಿನಲ್ಲಿ ಪದವಿ ಮುಗಿಸಿದ ಹೆಣ್ಣುಮಗಳು ಇಂದು ಪ್ಲಾಂಟ್ ಹೆಡ್ ಆಗುವ ವಯಸ್ಸಿನವಳು. ಎಪಿಐ ಕಾರ್ಖಾನೆ ಮೂರು ಪಾಳಿಯಲ್ಲಿ ನಡೆಯುತ್ತದೆ. ರಾತ್ರಿ ಪಾಳಿ ಮಾಡದವರು ಶಿಫ್ಟ್ ಇನ್‌ಚಾರ್ಜ್ ಆಗುವುದಿಲ್ಲ, ಶಿಫ್ಟ್ ಇನ್‌ಚಾರ್ಜ್ ಆಗದವರು ಉತ್ಪಾದನಾ ವ್ಯವಸ್ಥಾಪಕರಾಗುವುದಿಲ್ಲ. ಮೊದಲ ಮೆಟ್ಟಿಲನ್ನು ಹತ್ತಬಾರದೆಂದು ಕಾಯ್ದೆಯೇ ತಡೆದಿತ್ತು. ಆ ತಡೆಯನ್ನು ನಾವು ಅರ್ಹತೆ ಎಂದು ಹೆಸರಿಟ್ಟು ಹಾಳೆಯಲ್ಲಿ ಅಚ್ಚು ಹಾಕಿಸಿದ್ದೆವು.

‘ನಾನು ಪಾಠ ಮಾಡುವಾಗ ಮುಂದಿನ ಬೆಂಚುಗಳೆಲ್ಲ ಹುಡುಗಿಯರವೇ’ ಎಂದರು ಪ್ರೊಫೆಸರ್ ಮೇಡಂ. ‘ಅವರೆಲ್ಲ ಎಲ್ಲಿ ಹೋದರು ಎಂದು ಕೇಳುತ್ತೀರಲ್ಲ, ನಿಮ್ಮ ಕ್ಯೂಸಿ ಲ್ಯಾಬಿನಲ್ಲಿಯೇ, ಗುಣಮಟ್ಟ ಪರೀಕ್ಷಿಸುವ ಕೋಣೆಯಲ್ಲಿಯೇ ಇದ್ದಾರೆ, ನೋಡಿ.’ ಸರಿಯಾದ ಮಾತು. ಮಣಿಪಾಲದಲ್ಲಿ 1963ರಿಂದ ಫಾರ್ಮಸಿ ಕಲಿಸುತ್ತಿದ್ದಾರೆ, ಆಮೇಲೆ ಈ ಎರಡು ಜಿಲ್ಲೆಗಳಲ್ಲಿ ಇನ್ನೂ ಹಲವು ಕಾಲೇಜುಗಳು ಬಂದವು. ಅಲ್ಲಿಂದ ಹೊರಬಂದ ಹೆಣ್ಣುಮಕ್ಕಳು ಹಗಲು ಪಾಳಿಯ ಪರೀಕ್ಷಾಲಯಕ್ಕೆ, ಗುಣಮಟ್ಟ ಖಾತರಿಗೆ, ಔಷಧ ಪರವಾನಗಿಯ ಕಾಗದಪತ್ರಕ್ಕೆ ಹೋದರು. ಆ ಕೋಣೆಗಳಿಂದ ಪ್ಲಾಂಟ್ ಹೆಡ್ ಕುರ್ಚಿಗೆ ದಾರಿಯೇ ಇಲ್ಲ ಎಂಬುದು ರಂಗದ ರೂಢಿ.

ಈ ರೂಢಿ ಈಗ ಎಷ್ಟು ಸರಿ ಎಂಬ ಪ್ರಶ್ನೆಯನ್ನು ಸಲಹೆಗಾರ್ತಿ ಎತ್ತಿದ ಬಗೆ ನನಗೆ ಇಷ್ಟವಾಯಿತು. ‘ನಿಮ್ಮ ನಿದ್ದೆ ಕೆಡಿಸುವುದು ಇಳುವರಿಯೋ, ತಪಾಸಣೆಯೋ?’ ಎಂದು ಧಣಿಗಳನ್ನೇ ಕೇಳಿದರು. ಧಣಿಗಳು ನಕ್ಕರು. ಇಳುವರಿ ಶೇಕಡಾ ಎರಡು ಬಿದ್ದರೆ ನಷ್ಟ ಬರುತ್ತದೆ, ಸುಧಾರಿಸಿಕೊಳ್ಳಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ತಪಾಸಕರು ಬಂದು, ಪರೀಕ್ಷೆಯ ದಾಖಲೆ ತಿದ್ದಿದ್ದು ಕಂಡು, 483 ಸಂಖ್ಯೆಯ ನಮೂನೆಯಲ್ಲಿ ಆಕ್ಷೇಪ ಬರೆದು, ಅದಕ್ಕೆ ನಮ್ಮ ಉತ್ತರ ಸಾಲದೆ ಎಚ್ಚರಿಕೆ ಪತ್ರವೋ ಆಮದು ನಿರ್ಬಂಧವೋ ಬಂದರೆ ಆ ದೇಶದ ಮಾರುಕಟ್ಟೆಯೇ ಮುಚ್ಚಿತು. ಆ ತಪಾಸಕರ ಎದುರು ದಿನವಿಡೀ ಕುಳಿತು ಒಂದೊಂದು ಬ್ಯಾಚಿನ, ಅಂದರೆ ಒಂದು ಸಲಕ್ಕೆ ತಯಾರಾದ ಸರಕಿನ, ಕಡತ ಬಿಚ್ಚಿ ಉತ್ತರಿಸುವವರು ಗುಣಮಟ್ಟ ಖಾತರಿಯ ಮುಖ್ಯಸ್ಥರು. ಉತ್ಪಾದನೆಯವರು ಎಷ್ಟೇ ಒತ್ತಾಯಿಸಿದರೂ ಬ್ಯಾಚನ್ನು ತಡೆದು ನಿಲ್ಲಿಸುವ ಅಧಿಕಾರ ಇರುವುದೂ ಅವರಿಗೇ. ಅಂಥವರನ್ನು ‘ಉತ್ಪಾದನಾ ಅನುಭವ ಇಲ್ಲ’ ಎಂದು ಪಕ್ಕಕ್ಕಿಡುವುದು ಹಣಕಾಸಿನ ದೃಷ್ಟಿಯಿಂದಲೂ ದಡ್ಡತನ. ಜಗತ್ತಿನ ದೊಡ್ಡ ಔಷಧ ಕಂಪನಿಗಳ ಪೈಕಿ ಒಂದಾದ ಜಿಎಸ್‌ಕೆಗೆ 2017ರಲ್ಲಿ ಮುಖ್ಯಸ್ಥೆಯಾದ ಎಮ್ಮಾ ವಾಮ್ಸ್ಲಿ ಅದಕ್ಕೂ ಮೊದಲು 17 ವರ್ಷ ಲೋರಿಯಲ್ ಎಂಬ ಸೌಂದರ್ಯ ಸಾಮಗ್ರಿ ಕಂಪನಿಯಲ್ಲಿದ್ದವರು ಎಂದೂ ಸಲಹೆಗಾರ್ತಿ ಹೇಳಿದರು. ಧಣಿಗಳು ‘ಅದು ಲಂಡನ್, ಇದು ಬೈಕಂಪಾಡಿ’ ಎಂದು ಆ ಉದಾಹರಣೆಯನ್ನು ಅಲ್ಲಿಯೇ ಹೂತುಬಿಟ್ಟರು. ನನ್ನ ಅಭಿಪ್ರಾಯದಲ್ಲೂ ಅದು ಬೇಡವಾಗಿತ್ತು, 483ರ ಮಾತೇ ಸಾಕಿತ್ತು.

ಆ ಬೆಳಗಿನ ಕೆಲಸಕ್ಕೆ ಈ ಸಂಸ್ಥೆಗೆ ಪೂರ್ಣ ಅಂಕ. ಮುಂದಿನ ಹಂತಕ್ಕೆ ಅಷ್ಟು ಧಾರಾಳವಾಗಿರಲಾರೆ.

ಅಂತಿಮ ಪಟ್ಟಿಗೆ ಮೊದಲಿನ ಉದ್ದ ಪಟ್ಟಿ ಬಂತು. ಬ್ರಿಟನ್ನಿನಲ್ಲಿ 2011ರಲ್ಲಿ ಇಂಥ ಸಂಸ್ಥೆಗಳೇ ಒಪ್ಪಿಕೊಂಡ ಸ್ವಯಂಪ್ರೇರಿತ ನೀತಿಸಂಹಿತೆಯೊಂದಿದೆ: ಕಂಪನಿ ಮಂಡಳಿಗಳಿಗೆ ಹೆಸರು ಸೂಚಿಸುವಾಗ ಉದ್ದ ಪಟ್ಟಿಯಲ್ಲಿ ಕನಿಷ್ಠ ಶೇ. 30 ಮಹಿಳೆಯರಿರಬೇಕು ಎಂದು. ನಮಗೆ ಬಂದ ಪಟ್ಟಿ ಅದನ್ನೂ ಮೀರಿತ್ತು, ಮುಖಪುಟದಲ್ಲಿಯೇ ಆ ಪ್ರಮಾಣವನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು. ದಪ್ಪ ಅಕ್ಷರದ ಸಂಖ್ಯೆ ಕಂಡರೆ ಅದರ ಹಿಂದಿನ ವೋಚರ್ ಕೇಳುವುದು ನನ್ನ ವೃತ್ತಿದೋಷ. ಪ್ರೊಫೆಸರ್ ಮೇಡಂ ಅವರಿಗೆ ಪರಿಚಯವಿದ್ದ ಒಬ್ಬ ಅಭ್ಯರ್ಥಿಯನ್ನು ಅವರ ಮೂಲಕವೇ ವಿಚಾರಿಸಿದೆವು. ಅಹಮದಾಬಾದು ಬಿಟ್ಟು ಬರುವ ಯೋಚನೆಯೇ ಇಲ್ಲ ಎಂದು ಆಕೆ ಸಂಸ್ಥೆಗೆ ಮೊದಲ ಫೋನಿನಲ್ಲಿಯೇ ತಿಳಿಸಿದ್ದರಂತೆ. ಹೆಸರು ಮಾತ್ರ ಪಟ್ಟಿಯಲ್ಲಿ ಉಳಿದಿತ್ತು, ಪ್ರಮಾಣ ಕಾಯ್ದುಕೊಳ್ಳಲು. ಕೇಳಿದಾಗ ಸಲಹೆಗಾರ್ತಿ ಕಿರಿಯ ಸಹೋದ್ಯೋಗಿಯ ಮೇಲೆ ಹಾಕಿದರು, ಕ್ಷಮೆ ಕೇಳಿದರು, ಎರಡು ದಿನದಲ್ಲಿ ಪಟ್ಟಿ ತಿದ್ದಿ ಕಳುಹಿಸಿದರು. ತಿದ್ದಿದ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಒಂದು ಕಾಲಂ ಸೇರಿತ್ತು: ಮಾತನಾಡಿದ ದಿನಾಂಕ, ಊರು ಬಿಡಲು ಸಿದ್ಧರೇ, ನೋಟಿಸ್ ಅವಧಿ ಎಷ್ಟು. ಈ ಕಾಲಂ ಮೊದಲೇ ಇರಬೇಕಿತ್ತು. ಇಂಥ ಸೇವೆ ಕೊಳ್ಳುವವರಿಗೆ ನನ್ನ ಒಂದು ಸಲಹೆ ಇದೇ: ಆ ಕಾಲಂ ಇಲ್ಲದ ಪಟ್ಟಿಗೆ ಎರಡನೇ ಕಂತು ಬಿಡುಗಡೆ ಮಾಡಬೇಡಿ.

ಅಂತಿಮ ಪಟ್ಟಿ ನಾಲ್ವರದ್ದು, ಅದರಲ್ಲಿ ಇಬ್ಬರು ಮಹಿಳೆಯರು. ಒಬ್ಬರೇ ಸಾಲದೇ ಎಂದು ಧಣಿಗಳು ಕೇಳಿದ್ದಕ್ಕೆ ಸಲಹೆಗಾರ್ತಿ 2016ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದರು. ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ್ದು: ಅಂತಿಮ ಪಟ್ಟಿಯ ನಾಲ್ವರಲ್ಲಿ ಮಹಿಳೆ ಒಬ್ಬಳೇ ಇದ್ದರೆ ಆಕೆ ಆಯ್ಕೆಯಾಗುವ ಸಾಧ್ಯತೆ ಸೊನ್ನೆಗೆ ಸಮೀಪ, ಇಬ್ಬರಾದ ಕೂಡಲೇ ಚಿತ್ರ ಬದಲಾಗುತ್ತದೆ. ಅದು ವಿಶ್ವವಿದ್ಯಾಲಯದ ನೇಮಕಾತಿಗಳನ್ನು ನೋಡಿದ ಅಧ್ಯಯನ, ಔಷಧ ಕಾರ್ಖಾನೆಯದ್ದಲ್ಲ ಎಂದು ನಾನು ಹೇಳಿದೆ. ಆಕೆ ಒಪ್ಪಿಕೊಂಡರು. ಆದರೂ ತರ್ಕ ನನಗೆ ಹಿಡಿಸಿತು. ಒಬ್ಬಳೇ ಇದ್ದರೆ ಕೋಣೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಆಕೆ ಹೆಣ್ಣು ಎಂಬುದು. ಇಬ್ಬರಿದ್ದರೆ ಅವರವರ ನಡುವೆಯೇ ಹೋಲಿಕೆ ಶುರುವಾಗುತ್ತದೆ, ಮಾತು ಕೆಲಸದ ಕಡೆ ತಿರುಗುತ್ತದೆ.

ಸಂದರ್ಶನ ನಡೆದದ್ದು ಬಲ್ಮಠದ ಒಂದು ಹೋಟೆಲಿನಲ್ಲಿ. ಎಲ್ಲ ನಾಲ್ವರಿಗೂ ಒಂದೇ ಪ್ರಶ್ನೆಗಳು, ಒಂದೇ ಕ್ರಮದಲ್ಲಿ, ಪ್ರತಿ ಉತ್ತರಕ್ಕೂ ಆಗಲೇ ಅಂಕ ಬರೆಯಬೇಕು, ಮೂವರೂ ಬರೆದು ಮುಗಿಯುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ ಎಂದು ಸಂಸ್ಥೆ ಷರತ್ತು ಹಾಕಿತ್ತು. ಧಣಿಗಳಿಗೆ ಇದು ಪಿಯುಸಿ ಪರೀಕ್ಷೆಯ ಹಾಗೆ ಕಂಡಿರಬೇಕು, ಬೆಳಗಿನಿಂದ ಮುಖ ಬಿಗಿದುಕೊಂಡಿದ್ದರು. ಎರಡನೆಯ ಅಭ್ಯರ್ಥಿ ಧಾರವಾಡ ಕಡೆಯವರು, ಹೈದರಾಬಾದಿನಲ್ಲಿ ಗುಣಮಟ್ಟ ಖಾತರಿಯ ಮುಖ್ಯಸ್ಥೆ. ಅವರ ಸರದಿಯಲ್ಲಿ ಧಣಿಗಳು ಹಾಳೆ ಬಿಟ್ಟು ಕೇಳಿದರು: ‘ಅಮ್ಮಾ, ನೀವು ಇಲ್ಲಿಗೆ ಬಂದರೆ ಮನೆಯವರು ಏನು ಮಾಡುತ್ತಾರೆ?’

ಸಲಹೆಗಾರ್ತಿ ಮೆಲುದನಿಯಲ್ಲಿ, ‘ಸರ್, ಆ ಪ್ರಶ್ನೆ ಕೇಳುವುದಾದರೆ ನಾಲ್ವರಿಗೂ ಕೇಳೋಣ. ಮೊದಲಿನವರನ್ನು ಮತ್ತೆ ಒಳಗೆ ಕರೆಯುತ್ತೇನೆ’ ಎಂದರು. ಕರೆದೂಬಿಟ್ಟರು. ಆಮೇಲೆ ನಡೆದದ್ದು ತಮಾಷೆ. ಧಾರವಾಡದವರ ಬಳಿ ಉತ್ತರ ಸಿದ್ಧವಿತ್ತು: ಗಂಡ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವವರು, ಮಂಗಳೂರಿನಲ್ಲಿ ಅಂಥ ಕೆಲಸಕ್ಕೆ ಎರಡು ಕಡೆ ವಿಚಾರಿಸಿಯೂ ಆಗಿದೆ, ಮಗ ಹಾಸ್ಟೆಲಿನಲ್ಲಿದ್ದಾನೆ. ಧಣಿಗಳು ಮನಸ್ಸಿನಲ್ಲೇ ನೇಮಿಸಿಕೊಂಡಿದ್ದ ಮೊದಲ ಅಭ್ಯರ್ಥಿ, ಬಳಗದ ಕಡೆಯ ಹಿರಿಯರು, ತಡವರಿಸಿದರು. ಹೆಂಡತಿಗೆ ಹೈದರಾಬಾದಿನಲ್ಲಿ ಬ್ಯಾಂಕಿನ ಕೆಲಸ, ಮಗಳು ಮುಂದಿನ ವರ್ಷ ಹನ್ನೆರಡನೆಯ ತರಗತಿ, ಮನೆಯಲ್ಲಿ ಈ ಮಾತು ಇನ್ನೂ ಎತ್ತಿಯೇ ಇಲ್ಲ. ‘ವಾರಾಂತ್ಯಕ್ಕೆ ಹೋಗಿ ಬರುತ್ತೇನೆ’ ಎಂದರು. ಗಂಡಸರನ್ನು ಈ ಪ್ರಶ್ನೆ ಕೇಳುವ ರೂಢಿಯಿದ್ದಿದ್ದರೆ ಈ ರಂಗದಲ್ಲಿ ಎಷ್ಟು ಕಂಪನಿಗಳ ಎಷ್ಟು ಲಕ್ಷ ಉಳಿಯುತ್ತಿತ್ತು ಎಂದು ನಾನು ಲೆಕ್ಕ ಹಾಕುತ್ತಾ ಕುಳಿತೆ.

ರಿಯಾಕ್ಟರಿನ ಪ್ರಶ್ನೆಗೂ ಒಳ್ಳೆಯ ಉತ್ತರ ಬಂದದ್ದು ಧಾರವಾಡದವರಿಂದಲೇ. ತಂಪು ನೀರಿನ ಪಂಪ್ ಕೆಟ್ಟು ಬ್ಯಾಚ್ ಬಿಸಿಯೇರಿದ ಒಂದು ಸಂಜೆಯನ್ನು ನಿಮಿಷ ನಿಮಿಷವಾಗಿ ಹೇಳಿದರು: ಯಾರು ವಾಲ್ವ್ ಮುಚ್ಚಿದರು, ತಾನು ಯಾರಿಗೆ ಏನು ಹೇಳಿದೆ, ಆ ಬ್ಯಾಚನ್ನು ಏಕೆ ಬಿಸಾಡಿಸಿದೆ, ಬಿಸಾಡಿದ್ದಕ್ಕೆ ಯಾರು ಸಿಟ್ಟಾದರು. ಧಣಿಗಳು ಅಂಕದ ಹಾಳೆಯಲ್ಲಿ ಬರೆದು ಅದನ್ನು ನನ್ನಿಂದ ಮರೆಮಾಡಿ ಹಿಡಿದುಕೊಂಡರು. ಆಮೇಲೆ ಕೂಡಿಸಿದಾಗ ಅವರು ಕೊಟ್ಟದ್ದೇ ಎಲ್ಲಕ್ಕಿಂತ ಹೆಚ್ಚು.

ಇನ್ನು ದೂರುಗಳ ಕಡೆ ಬರುತ್ತೇನೆ.

ಈ ಸಂಸ್ಥೆಗೆ ವೈವಿಧ್ಯ ಎಂದರೆ ಹೆಣ್ಣು, ಅಲ್ಲಿಗೆ ಮುಗಿಯಿತು. ನಾಲ್ವರು ಅಂತಿಮ ಅಭ್ಯರ್ಥಿಗಳೂ ಬೆರಳೆಣಿಕೆಯ ದೊಡ್ಡ ಕಂಪನಿಗಳಿಂದ ಬಂದವರು, ಇಂಗ್ಲಿಷಿನಲ್ಲಿ ಒಂದೇ ಧಾಟಿಯಲ್ಲಿ ಮಾತನಾಡುವವರು. ಜಾತಿ, ಹುಟ್ಟಿದ ಊರು, ಕನ್ನಡ ಮಾಧ್ಯಮದಲ್ಲಿ ಓದಿದವರು, ಅಂಗವೈಕಲ್ಯ ಇರುವವರು ಯಾವುದೂ ಅವರ ಕೋಷ್ಟಕದಲ್ಲಿಲ್ಲ. ಪ್ರೊಫೆಸರ್ ಮೇಡಂ ಇದನ್ನು ಎತ್ತಿದಾಗ ‘ಅಂಥ ಮಾಹಿತಿ ನಾವು ಕೇಳುವಂತಿಲ್ಲ’ ಎಂಬ ಉತ್ತರ ಬಂತು. ಸರಿ, ಅಭ್ಯರ್ಥಿಯ ಜಾತಿ ಕೇಳಬೇಡಿ. ಹುಡುಕುವ ಕಾಲೇಜು, ಊರು, ಕಂಪನಿಗಳ ಪಟ್ಟಿಯನ್ನು ಅಗಲ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲವಲ್ಲ.

ಅವರ ಪರಿಚಯ ಪುಸ್ತಿಕೆಯಲ್ಲಿ ಭಾರತದ ಔಷಧ ರಂಗದ ಮಹಿಳಾ ನಾಯಕಿಯರ ಚಿತ್ರಗಳಿದ್ದವು. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಕಟ್ಟಿದ ಕಿರಣ್ ಮಜುಂದಾರ್ ಶಾ, ಲುಪಿನ್ ಮುಖ್ಯಸ್ಥೆ ವಿನೀತಾ ಗುಪ್ತಾ. ಇಬ್ಬರ ಸಾಮರ್ಥ್ಯದ ಬಗ್ಗೆಯೂ ಎರಡು ಮಾತಿಲ್ಲ. ಆದರೆ ಒಬ್ಬರು ತಾವೇ ಕಂಪನಿ ಕಟ್ಟಿದವರು, ಇನ್ನೊಬ್ಬರು ಸ್ಥಾಪಕರ ಮಗಳು. ಯಾರೋ ಹುಡುಕಿ, ಸಂದರ್ಶಿಸಿ, ನೇಮಿಸಿ ಆ ಕುರ್ಚಿಗೆ ಬಂದವರಲ್ಲ. ನೇಮಕಾತಿ ಸಂಸ್ಥೆ ತನ್ನ ಪುಸ್ತಿಕೆಯಲ್ಲಿ ತಾನು ನೇಮಿಸದವರ ಚಿತ್ರ ಹಾಕುವುದು ಯಾವ ನ್ಯಾಯ? ಮುಂಬಯಿಯಲ್ಲಿ ಹುಟ್ಟಿ, ವೈದ್ಯೆಯಾಗಿ, 2020ರಲ್ಲಿ ಅಮೆರಿಕದ ವರ್ಟೆಕ್ಸ್ ಕಂಪನಿಯ ಸಿಇಒ ಆದ ರೇಷ್ಮಾ ಕೇವಲರಮಣಿಯವರದು ಒಳಗಿನಿಂದಲೇ ಮೇಲೇರಿದ ದಾರಿ. ಅವರ ಹೆಸರು ಪುಸ್ತಿಕೆಯಲ್ಲಿ ಇರಲಿಲ್ಲ. ಹಾಗೆ ನೋಡಿದರೆ ನಮ್ಮ ಕರಾವಳಿಯವರು ಈ ವಿಷಯದಲ್ಲಿ ಎದೆಯುಬ್ಬಿಸುವಂತಿಲ್ಲ. ಅಳಿಯಕಟ್ಟಿನ ಊರು ನಮ್ಮದು, ಕುಟುಂಬ ಹರಿದು ಬರುವುದು ಹೆಣ್ಣಿನ ಕವಲಿನಲ್ಲಿ ಎಂದು ಪರವೂರಿನವರ ಮುಂದೆ ಹೇಳಿಕೊಳ್ಳುತ್ತೇವೆ. ಹೆಚ್ಚಿನ ಮನೆಗಳಲ್ಲಿ ಬೀಗದ ಕೈ ಇದ್ದದ್ದು ಸೋದರಮಾವಂದಿರ ಸೊಂಟದಲ್ಲಿ.

ಮಂಗಳೂರಿನ ಬಗ್ಗೆ ಸಂಸ್ಥೆಗೆ ಇದ್ದ ಜ್ಞಾನ ಪಣಂಬೂರು ಕಡಲತೀರದ ಒಂದು ಚಿತ್ರದಷ್ಟು. ಅಭ್ಯರ್ಥಿಗಳಿಗೆ ಕಳುಹಿಸಿದ ಟಿಪ್ಪಣಿಯಲ್ಲಿ ಈ ಊರಿನಲ್ಲಿ ಇಷ್ಟೊಂದು ವೈದ್ಯಕೀಯ ಕಾಲೇಜುಗಳಿವೆ, ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಕಾಲೇಜಾದ ಎನ್‌ಐಟಿಕೆ ಇದೆ, ಓದಿದ ಗಂಡನಿಗೋ ಹೆಂಡತಿಗೋ ಕೆಲಸ ಸಿಗುವ ಊರು ಇದು ಎಂಬ ಮುಖ್ಯ ಮಾತೇ ಇಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯವರನ್ನು ಸಣ್ಣ ಊರಿಗೆ ಕರೆತರಲು ಇದಕ್ಕಿಂತ ದೊಡ್ಡ ವಾದ ಬೇಕೇ? ಧಾರವಾಡದವರು ತಾವೇ ಹುಡುಕಿಕೊಂಡರು ಎಂಬುದು ಅವರ ಹೆಚ್ಚುಗಾರಿಕೆ, ಸಂಸ್ಥೆಯದ್ದಲ್ಲ.

ಅತಿ ದೊಡ್ಡ ಕೊರತೆ ಸೇರಿದ ಮೇಲಿನದು. ಮೊದಲ ನೂರು ದಿನ ಜೊತೆಗಿರುತ್ತೇವೆ ಎಂದು ಒಪ್ಪಂದದಲ್ಲಿ ಬರೆದಿದ್ದರು. ಸಿಕ್ಕಿದ್ದು ಒಂದೆರಡು ವಿಡಿಯೊ ಕರೆ ಮತ್ತು ಎಲ್ಲ ಗಿರಾಕಿಗಳಿಗೂ ಕಳುಹಿಸುವಂಥ ಒಂದು ಕೈಪಿಡಿ. ತಾಳಿ ಕಟ್ಟಿದ ಮೇಲೆ ಮದುವೆ ದಲ್ಲಾಳಿ ಕಾಣಿಸುವುದಿಲ್ಲವಲ್ಲ, ಹಾಗೆ. ಇತ್ತ ಕಾರ್ಖಾನೆಯಲ್ಲಿ ನಡೆದದ್ದು ಬೇರೆಯೇ. ಹೊಸ ಪ್ಲಾಂಟ್ ಹೆಡ್ ಆಗಿ ಬಂದ ಧಾರವಾಡದವರು ಮೊದಲ ದಿನ ಉತ್ಪಾದನಾ ಬ್ಲಾಕಿಗೆ ಹೋಗಲು ಸುರಕ್ಷತಾ ಬೂಟು ಕೇಳಿದರು. ಸ್ಟೋರಿನಲ್ಲಿದ್ದ ಅತಿ ಚಿಕ್ಕ ಅಳತೆ ಏಳು, ಅವರ ಕಾಲು ನಾಲ್ಕು. ಸ್ಟೋರ್‌ಕೀಪರ್ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಲು ಸೂಚಿಸಿದ. ಬಟ್ಟೆ ಬದಲಿಸಿ ಗೌನ್ ಧರಿಸುವ ಕೋಣೆ ಬ್ಲಾಕಿನಲ್ಲಿ ಒಂದೇ, ಗಂಡಸರದು. ಮಹಿಳೆಯರ ಕೋಣೆ ಮತ್ತು ಶೌಚಾಲಯ ಕಾಯ್ದೆಯಂತೆ ಇದ್ದವು, ಆದರೆ ಲ್ಯಾಬಿನ ಕಟ್ಟಡದಲ್ಲಿ, ಅಂಗಳ ದಾಟಿ ಆಚೆ. ಆಷಾಢದ ಮಳೆಯಲ್ಲಿ ಪ್ರತಿ ಸಲ ಕೊಡೆ ಹಿಡಿದು ಅಂಗಳ ದಾಟಿ, ಒದ್ದೆಯಾಗಿ, ಮತ್ತೆ ಗೌನ್ ಹಾಕಿಕೊಂಡು ಒಳಗೆ ಹೋಗಬೇಕು. ಹತ್ತಾರು ಲಕ್ಷದ ಶುಲ್ಕ ತೆಗೆದುಕೊಂಡವರು ಸಹಿ ಹಾಕುವ ಮೊದಲು ಕಾರ್ಖಾನೆಯೊಳಗೆ ಒಮ್ಮೆ ಸುತ್ತು ಹಾಕಿ ಇದನ್ನು ಕಂಡು ಹೇಳಬೇಕಿತ್ತು. ಸಲಹೆಗಾರ್ತಿ ಬಂದದ್ದು ಕಾನ್ಫರೆನ್ಸ್ ಕೋಣೆಯವರೆಗೆ ಮಾತ್ರ.

ಬೂಟು ಒಂದು ವಾರದಲ್ಲಿ ಬಂತು. ಕೋಣೆ ಕಟ್ಟಲು ನಾನೇ ಬಜೆಟ್ ಹೊಂದಿಸಿದೆ. ಖರ್ಚು ಶುಲ್ಕದ ಹತ್ತರಲ್ಲೊಂದು ಪಾಲೂ ಆಗಲಿಲ್ಲ, ಅದು ಆದ ಮೇಲೆ ಪ್ರಯೋಗಾಲಯದ ಇಬ್ಬರು ಹುಡುಗಿಯರು ಉತ್ಪಾದನೆಗೆ ವರ್ಗ ಕೇಳಿ ಅರ್ಜಿ ಹಾಕಿದರು. ಭಾಷೆಯ ತೊಡಕು ನಾವು ಹೆದರಿದಷ್ಟು ಆಗಲಿಲ್ಲ. ‘ಘಟ್ಟದ ಮೇಲಿನವರು, ನಮ್ಮ ತುಳು ಬಾರದು’ ಎಂದು ಹಳೆಯ ಆಪರೇಟರುಗಳು ಮೊದಲು ಗೊಣಗಿದರು. ಆದರೆ ಪಾಳಿಯ ಅರ್ಧದಷ್ಟು ಹುಡುಗರು ಒಡಿಶಾ, ಜಾರ್ಖಂಡಿನವರು, ಅವರಿಗೂ ತುಳು ಬಾರದು. ಆಕೆ ಅವರ ಜೊತೆ ಹಿಂದಿಯಲ್ಲಿ, ಇವರ ಜೊತೆ ಧಾರವಾಡದ ಕನ್ನಡದಲ್ಲಿ ಮಾತನಾಡುತ್ತಾರೆ. ಈಗ ಗೊಣಗಾಟ ಬೇರೆ ಕಾರಣಕ್ಕೆ: ಬ್ಯಾಚ್ ಕಡತವನ್ನು ಕೆಲಸ ಆದ ಕೂಡಲೇ ಬರೆಯಬೇಕು, ಪಾಳಿ ಮುಗಿಯುವಾಗ ಒಟ್ಟಿಗೆ ಬರೆಯುವಂತಿಲ್ಲ ಎಂದು ಆಕೆ ಹಿಡಿದ ಹಟಕ್ಕೆ.

ಒಟ್ಟು ಸೇವೆಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಹುದ್ದೆಯ ವಿವರಣೆ ತಿದ್ದಿದ್ದು ಮತ್ತು ಸಂದರ್ಶನ ನಡೆಸಿದ್ದು, ಈ ಎರಡಕ್ಕೇ ಮೂರು ಅಂಕ. ಕೊಳ್ಳುವವರು ಒಪ್ಪಂದದಲ್ಲಿ ಹಾಕಿಸಿಕೊಳ್ಳಬೇಕಾದದ್ದು: ಅಂತಿಮ ಪಟ್ಟಿಯಲ್ಲಿ ಇಬ್ಬರಾದರೂ ಮಹಿಳೆಯರು, ಅವರು ಬರಲು ಸಿದ್ಧ ಎಂಬುದಕ್ಕೆ ಬರವಣಿಗೆಯ ಖಾತರಿ, ಸಹಿಗೆ ಮೊದಲು ಕಾರ್ಖಾನೆಯೊಳಗಿನ ತಪಾಸಣೆ, ಮತ್ತು ಮೂರನೇ ಕಂತಿನ ಅರ್ಧವನ್ನು ಆರು ತಿಂಗಳ ನಂತರ ಕೊಡುವ ಅವಕಾಶ. ಬದಲಿ ಅಭ್ಯರ್ಥಿಯ ಖಾತರಿ ಆರು ತಿಂಗಳು ಎಂದು ಬರೆದು ತಂದರೆ ಹನ್ನೆರಡು ಕೇಳಿ. ಈ ಹುದ್ದೆಗಳಲ್ಲಿ ತೊಂಬತ್ತು ದಿನದ ನೋಟಿಸ್ ಸಾಮಾನ್ಯ. ಆರನೆಯ ತಿಂಗಳಲ್ಲಿ ಬಿಟ್ಟುಹೋಗುವ ಮನಸ್ಸು ಮಾಡಿದವರು ಹೊರಡುವುದು ಒಂಬತ್ತನೆಯ ತಿಂಗಳಲ್ಲಿ, ಅಷ್ಟರಲ್ಲಿ ಖಾತರಿ ಮುಗಿದಿರುತ್ತದೆ.

ಮುಂದಿನ ವರ್ಷ ನಮ್ಮ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರು ನಿವೃತ್ತರಾಗುತ್ತಾರೆ. ಆ ಹುಡುಕಾಟಕ್ಕೆ ಹೊರಗಿನವರನ್ನು ಕರೆಯುವುದಿಲ್ಲ, ಪೆನ್ಸಿಲ್ ಹಿಡಿದು ಹಾಳೆ ತಿದ್ದುವುದನ್ನು ನಾವೇ ಮಾಡುತ್ತೇವೆ. ಸಂಶೋಧನಾ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾದರೆ ಅದೇ ಸಂಸ್ಥೆಗೆ ಫೋನ್ ಮಾಡುತ್ತೇನೆ, ಮೂರನೇ ಒಂದು ಭಾಗಕ್ಕೆ ಮಾತ್ರ ಈ ಸಲ ಒಪ್ಪುವುದಿಲ್ಲ.